ಚುಕ್ಕಿ ಕೂಡಿದಾಗ ಬರುವ ಅಳಿಯ

ಧೋಂಡ್ಯಾ ತಿಂಗಳು ಬಂತೆಂದರೆ ಮೋರಖಂಡಿಯ ಅಳಿಯಂದಿರಿಗೆ ಕೊಂಬು ಮೂಡುತ್ತದೆ. ಮೂರು ವರ್ಷಕ್ಕೊಮ್ಮೆ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚಿಗೆ ಬೀಳುತ್ತದಲ್ಲ, ಅದೇ ಅಧಿಕ ಮಾಸ; ಮರಾಠಿ ಸೀಮೆಗೆ ಹತ್ತಿಕೊಂಡ ಈ ಭಾಗದವರ ಬಾಯಲ್ಲಿ ಅದು ಧೋಂಡ್ಯಾ. ಆ ತಿಂಗಳು ಮದುವೆ ಇಲ್ಲ, ಹೊಸ ಮನೆ ಹೊಗುವಂತಿಲ್ಲ. ಇರುವುದು ಒಂದೇ ಕೆಲಸ. ಮಗಳನ್ನೂ ಅಳಿಯನನ್ನೂ ಕರೆದು, ಮಣೆಯ ಮೇಲೆ ಜೋಡಿಯಾಗಿ ಕೂರಿಸಿ, ಹೂರಣ ತುಂಬಿದ ಧೋಂಡೆ ಬಡಿಸಿ, ತಾಟಿನ ತುಂಬ ಅನಾರ್ಸಿ ಇಟ್ಟು ಕೈಮುಗಿಯಬೇಕು. ವರ್ಷವೆಲ್ಲ ಮಾವನ ಕಣ್ಣಿಗೆ ಕಸವಾಗಿದ್ದವನೂ ಆ ಒಂದು ತಿಂಗಳು ಸಾಕ್ಷಾತ್ ನಾರಾಯಣ.

ಕುರಿ ಕಾಯುವ ಮನೆಯ ಧೂಳಮ್ಮನಿಗೂ ಈ ತಿಂಗಳಿಗೂ ಎಂದೂ ಲೇವಾದೇವಿ ಇರಲಿಲ್ಲ. ಗಂಡ ತೀರಿ ಬಹಳ ಕಾಲವಾಗಿತ್ತು. ಇದ್ದವನು ಒಬ್ಬನೇ ಮಗ ಸೂರ್ಯಕಾಂತ, ಅವನ ಹೆಂಡತಿ ರಾಜೇಶ್ವರಿ. ಹೆಣ್ಣು ಹುಟ್ಟಿರಲಿಲ್ಲ, ಹೆಣ್ಣಿಲ್ಲದ ಮನೆಗೆ ಅಳಿಯ ಎಲ್ಲಿಂದ ಬರಬೇಕು? ಹಾಗಿದ್ದೂ ಈ ಸಲ ಮುದುಕಿ ಅಕ್ಕಿ ನೆನೆಹಾಕಿದಳು, ಕುಟ್ಟಿದಳು, ಬೆಲ್ಲ ಕಲೆಸಿ ಹಿಟ್ಟನ್ನು ಹದಕ್ಕೆ ಬರಲು ಮುಚ್ಚಿಟ್ಟಳು. ಜೂನ್ ತಿಂಗಳ ಮೊದಲ ವಾರ ಗಸಗಸೆ ಹಚ್ಚಿ ಅನಾರ್ಸಿ ಕರಿದು ಒಂದು ದೊಡ್ಡ ಡಬ್ಬಿ ತುಂಬಿದಳು. ಗೋಡೆಗೆ ಗೋಡೆ ಹತ್ತಿದ ಮನೆಯ ವಿಜಯಶ್ರೀಗೆ ವಾಸನೆ ಹೋಗದೆ ಇರುತ್ತದೆಯೇ.

"ಯಾರಿಗ ಇದೆಲ್ಲಾ, ಧೂಳಕ್ಕ? ಮಗಳೇ ಇಲ್ಲ ನಿನಗ, ಅಳಿಯ ಏನು ಮ್ಯಾಲಿಂದ ಉದುರ್ತಾನು?"

"ಹೌದವಾ, ಮ್ಯಾಲಿಂದನ," ಎಂದಳು ಧೂಳಮ್ಮ, ಪಡುವಣ ದಿಕ್ಕಿನ ಆಕಾಶಕ್ಕೆ ಕೈ ತೋರಿಸಿ. "ಅಲ್ಲಿ ಎರಡು ಚುಕ್ಕಿ ಕೂಡಾಕತ್ತಾವ ನೋಡು. ಅವು ಕೂಡಿದ ದಿನ ಬರ್ತಾರ."

ವಿಜಯಶ್ರೀ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಕ್ಕಳೋ ಮರುಗಿದಳೋ ಅವಳಿಗೇ ಗೊತ್ತು.

ಚುಕ್ಕಿಗಳು ಮಾತ್ರ ಸುಳ್ಳಾಡಲಿಲ್ಲ. ಹೊತ್ತು ಮುಳುಗಿದ ಮೇಲೆ ಬೆಳ್ಳಿ ಎಂದು ಕರೆಯುವ ಶುಕ್ರನೂ ಗುರುವೂ ದಿನಕ್ಕೆ ಬೆರಳಗಲದಷ್ಟು ಹತ್ತಿರ ಬರುತ್ತಿದ್ದವು. ಮಂಗಳವಾರ ಕೂಡುತ್ತವೆ ಎಂದು ಮುದುಕಿಗೆ ಅಂದಾಜು ಸಿಕ್ಕಿತು. ಅವತ್ತು ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿ ಧೋಂಡೆ ಮಾಡಿದಳು, ಎರಡು ಮಣೆ ಹಾಕಿದಳು, ಬಾಗಿಲಲ್ಲಿ ಕೂತಳು. ಐದು ಗಂಟೆಗೆ ಮೋಡ ಕಟ್ಟಿತು. ಏಳಕ್ಕೆ ಮಳೆ ಬಂತು. ಚುಕ್ಕಿಯೂ ಕಾಣಲಿಲ್ಲ, ಅಳಿಯನೂ ಕಾಣಲಿಲ್ಲ. ಧೋಂಡೆಯನ್ನು ಮಗ, ಸೊಸೆ ಮತ್ತು ವಿಜಯಶ್ರೀಯ ಮಕ್ಕಳು ತಿಂದರು.

"ಅವ್ವಾ," ಎಂದ ಸೂರ್ಯಕಾಂತ, ಮೆತ್ತಗೆ, "ಅವರು ಅವತ್ತು ನಿನ್ನ ಎಚ್ಚರ ಇಡಾಕ ಅಂದ ಮಾತು ಅದು. ಎಷ್ಟಂತ ಹಾದಿ ಕಾಯ್ತಿ?"

"ನಾ ಊಟಕ್ಕ ಕರ್ಯಾಕ ಕಾಯಾಕತ್ತಿಲ್ಲೋ ತಮ್ಮಾ. ಒಂದು ಮಾತು ಕೇಳಬೇಕು ನಾ ಅವರನ್ನ. ಅಷ್ಟ ಕೇಳಿ ಸಾಯ್ತೀನಿ."

ಆ ಮಾತು ಏನೆಂಬುದನ್ನು ಅವಳು ಮಗನಿಗೆ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ಕರೋನಾದ ವರ್ಷದ ಡಿಸೆಂಬರ್. ಸೂರ್ಯಕಾಂತನ ಕುರಿಗಳು ಹುಮನಾಬಾದ ತಾಲೂಕಿನ ಘಾಟಬೋರಾಳದಲ್ಲಿ, ಕಾಶಿರಾಮನೆಂಬ ರೈತನ ಹೊಲದಲ್ಲಿ ಬೀಡುಬಿಟ್ಟಿದ್ದವು. ಬೆಳೆ ತೆಗೆದ ಹೊಲದಲ್ಲಿ ಕುರಿ ರಾತ್ರಿ ಮಲಗಿದರೆ ನೆಲಕ್ಕೆ ಗೊಬ್ಬರ, ಕುರಿಯವರ ಹೊಟ್ಟೆಗೆ ಜೋಳ. ಒಂದು ಶುಕ್ರವಾರ ಹೊತ್ತು ಇಳಿಯುವಾಗ ಹೆದ್ದಾರಿ ತಪ್ಪಿದ ಬಿಳಿ ಕಾರೊಂದು ಬಂಡಿ ಜಾಡಿನಲ್ಲಿ ಏದುಸಿರು ಬಿಡುತ್ತ ಬಂದು ಬೇವಿನ ಗಿಡದ ಕೆಳಗೆ ನಿಂತಿತು. ಇಳಿದವರು ಗಂಡ ಹೆಂಡತಿ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೊರಟವರು. ಆತ ಎಜ್ರಾ ಪೇಣಕರ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾದವನು. ಆಕೆ ಹನ್ನಾಬಾಯಿ. ಇಬ್ಬರಿಗೂ ಸೊಲ್ಲಾಪುರದ ಕನ್ನಡ, ನಡುನಡುವೆ ಮರಾಠಿ.

"ಇವತ್ತು ರಾತ್ರಿ, ನಾಳೆ ಸಂಜೀಕ ಚುಕ್ಕಿ ಮೂಡೂತನಾ ಇಲ್ಲೇ ಇರಬೇಕಂತೀವ್ರಿ. ನಡೀತದೇನು?" ಎಂದು ಎಜ್ರಾ ಕೇಳಿದ.

"ಗಾಡಿ ಕೆಟ್ಟದೇನ್ರಿ?" ಎಂದ ಕಾಶಿರಾಮ.

"ಗಾಡಿ ಚಲೋ ಅದಾರಿ. ನಾವು ಯಹೂದಿ ಮಂದಿ. ಶುಕ್ರವಾರ ಹೊತ್ತು ಮುಳುಗಿತಂದ್ರ ಗಾಡಿ ನಡಸಂಗಿಲ್ಲ, ಬೆಂಕಿ ಹಚ್ಚಂಗಿಲ್ಲ, ಬರಿಯಂಗಿಲ್ಲ, ಫೋನು ಮುಟ್ಟಂಗಿಲ್ಲ. ಶನಿವಾರ ಮೂರು ಚುಕ್ಕಿ ಕಂಡಮ್ಯಾಲ ಎಲ್ಲಾ ಚಾಲೂ."

ಕಾಶಿರಾಮ ಸ್ವಲ್ಪ ಹೊತ್ತು ಗದ್ದ ಕೆರೆದುಕೊಂಡ. ಆಮೇಲೆ ಅವನ ಮುಖ ಅರಳಿತು. "ಹಾಂಗನ್ರಿ ಮತ್ತ! ನಾವು ಸೋಮವಾರ ಎತ್ತಿನ ಕೊಳ್ಳಿಗೆ ನೊಗಾ ಇಡಂಗಿಲ್ಲ. ನೀವು ಶನಿವಾರ ನಿಮ್ಮ ಕೊಳ್ಳಿಗೇ ಇಟ್ಕೊಳ್ಳಂಗಿಲ್ಲ. ಇರ್ರಿ, ಹೊಲಾ ನಿಮ್ಮದ."

ಇದಕ್ಕಿಂತ ಚೆಂದಾಗಿ ಆ ಧರ್ಮವನ್ನು ಯಾರಾದರೂ ತಿಳಿಸಿ ಹೇಳಿದ್ದಾರೆಂದು ನನಗಂತೂ ಗೊತ್ತಿಲ್ಲ. ಸೂರ್ಯ ಮುಳುಗುವ ಮುಂಚೆ ಹನ್ನಾಬಾಯಿ ಕಾರಿನ ಗಾಲಿಯ ಮರೆಯಲ್ಲಿ ಎರಡು ಪಣತಿ ಹಚ್ಚಿ, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಏನೋ ಬೇಡಿಕೊಂಡಳು. ಕತ್ತಲು ಕವಿದ ಮೇಲೆ ಎಜ್ರಾ ಸೂರ್ಯಕಾಂತನಿಗೆ ಆಕಾಶ ತೋರಿಸುತ್ತಿದ್ದ. ಗುರುವೂ ಶನಿಯೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದವು; ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಕೂಟ. ಅದು ತಮ್ಮ ಪಂಚಾಂಗದಲ್ಲಿ ದೀಪದ ಹಬ್ಬ ಮುಗಿಯುವ ಹೊತ್ತಿಗೇ ಬಂದು ಬಿದ್ದಿದೆ, ಇದಕ್ಕೆ ಏನಾದರೂ ಅರ್ಥ ಇರಲೇಬೇಕು ಎಂದು ಆತ ದಾರಿಯುದ್ದಕ್ಕೂ ಹೆಂಡತಿಯ ತಲೆ ತಿಂದಿದ್ದನಂತೆ.

ಬೆಂಕಿ ಹಚ್ಚದವರು ಚಳಿಗೆ ಏನು ಮಾಡಬೇಕು ಎಂದು ಧೂಳಮ್ಮನಿಗೆ ಸಂಕಟವಾಯಿತು. ಅವರು ಹಚ್ಚದಿದ್ದರೇನು, ನಾನು ಹಚ್ಚಿದ ಬೆಂಕಿಯ ಮುಂದೆ ಕೂರಬಹುದಲ್ಲ ಎಂದುಕೊಂಡು ತೊಗರಿ ಕಟ್ಟಿಗೆಯ ಬಣವೆಗೆ ಕೈ ಹಾಕಿದಳು. ಹುಳ ಮುಟ್ಟಿತು. ಆ ಹೊತ್ತಿನಲ್ಲಿ ಹಾವು ಎನ್ನಬಾರದು, ಹುಳ ಅನ್ನಬೇಕು. ಹೆಸರು ಏನೇ ಇರಲಿ, ಮಣಿಕಟ್ಟಿನ ಮೇಲೆ ಎರಡು ಹಲ್ಲಿನ ಗುರುತು ಇತ್ತು, ತೋಳು ಉಬ್ಬತೊಡಗಿತ್ತು. ಸೂರ್ಯಕಾಂತ ಬಾಯಿ ಬಡಿದುಕೊಳ್ಳುತ್ತ ಹೆದ್ದಾರಿಯ ಕಡೆ ಓಡಲು ಎದ್ದ.

"ಎಲ್ಲಿ ಓಡಾಕತ್ತೀಯೋ?" ಎಂದವಳು ಹನ್ನಾಬಾಯಿ. ಹೊತ್ತು ಮುಳುಗುವುದರೊಳಗೆ ಗಾಡಿ ನಿಲ್ಲಿಸು ಎಂದು ಮೈಲಿ ಮೈಲಿಗೆ ಗಂಡನಿಗೆ ತಾಕೀತು ಮಾಡಿದ್ದವಳು ಅವಳೇ. ಈಗ ಗಂಡನ ಕಡೆ ತಿರುಗಿ ಒಂದೇ ಮಾತು ಅಂದಳು: "ಗಾಡಿ ತೆಗಿ." ಎಜ್ರಾನ ಕೈಯಲ್ಲಿ ಆಗಲೇ ಕೀಲಿ ಇತ್ತು.

ಹುಮನಾಬಾದದ ದಾರಿಯಲ್ಲಿ ಧೂಳಮ್ಮನ ತಲೆ ಹನ್ನಾಬಾಯಿಯ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ಕಾರಿನ ಕಿಟಕಿಯಲ್ಲಿ ಎರಡು ಚುಕ್ಕಿ ಓಡಿ ಬರುತ್ತಿದ್ದವು.

"ಮಲಗಬ್ಯಾಡ ಆಯಿ," ಎಂದಳು ಹನ್ನಾಬಾಯಿ; ಮರಾಠಿಯಲ್ಲಿ ಆಯಿ ಎಂದರೆ ಅವ್ವ. " ಅಲ್ನೋಡು, ಆ ಎರಡು ಚುಕ್ಕಿ ಕೂಡಾಕತ್ತಾವ. ಅವು ಇನ್ನೊಮ್ಮೆ ಕೂಡಿದಾಗ ನಾವು ನಿನ್ನ ನೋಡಾಕ ಬರ್ತೀವಿ. ಅಲ್ಲೀತನಾ ನೀ ಇರಬೇಕು. ಇರ್ತೀಯಿಲ್ಲೋ? ಬಾಯಿ ಬಿಟ್ಟು ಹೇಳು."

"ಇರ್ತೀನಿ," ಎಂದಳು ಧೂಳಮ್ಮ.

ದವಾಖಾನೆಯಲ್ಲಿ ನರ್ಸ್ ಕೇಳಿದಳು, ಪೇಶಂಟಿಗೆ ನೀವು ಏನಾಗಬೇಕು ಎಂದು. ಹನ್ನಾಬಾಯಿ ಕಣ್ಣು ಮಿಟುಕಿಸದೆ, "ಮಗಳು," ಅಂದಳು. ವಯಸ್ಸಿನಲ್ಲಿ ಅವಳೇ ಒಂದೆರಡು ವರ್ಷ ದೊಡ್ಡವಳಿದ್ದಿರಬೇಕು. ನರ್ಸ್ ಇಬ್ಬರ ಮುಖವನ್ನೂ ನೋಡಿದಳು, ಕೇಳುವ ಹೊತ್ತಲ್ಲ ಎಂದು ಹಾಗೆಯೇ ಬರೆದುಕೊಂಡಳು. ಶನಿವಾರವೆಲ್ಲ ಆ ದಂಪತಿ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಸಂಜೆ ಧೂಳಮ್ಮ ಕಣ್ಣು ಬಿಟ್ಟು ನೀರು ಕೇಳಿದಳು. ಸೂರ್ಯಕಾಂತ ಕುರಿ ಕೂಡಿಸಲು ಹೋಗಿದ್ದ. ಅವನು ತಿರುಗಿ ಬರುವಷ್ಟರಲ್ಲಿ ಮೂರು ಚುಕ್ಕಿ ಮೂಡಿ, ಅವರು ಹೊರಟುಹೋಗಿದ್ದರು. ಶನಿವಾರ ಬರೆಯದ, ಫೋನು ಮುಟ್ಟದ ಮಂದಿಯ ಹತ್ತಿರ ನಂಬರ್ ಕೇಳುವುದಾದರೂ ಹೇಗೆ?

ಧೂಳಮ್ಮ ಬದುಕಿದಳು. ಬದುಕಿದ ಮೇಲೆ ಅವಳಿಗೆ ಚಿಂತೆ ಹತ್ತಿತು. ವ್ರತ ಹಿಡಿದವರು ನಡುವೆ ಮುರಿದರೆ ಮನೆಗೆ ಕೇಡು ಎಂಬುದನ್ನು ಅವಳು ತಾಯಿಯ ಹಾಲಿನ ಜೊತೆ ಕುಡಿದವಳು. ಒಂದು ಸೋಮವಾರ ತಪ್ಪಿಸಿದ್ದಕ್ಕೆ ಮನೆಯ ಎತ್ತೇ ಹೋಯಿತೆಂದು ನಂಬಿದ ಊರು ಅದು. ಹೀಗಿರುವಾಗ ಮುಖಪರಿಚಯವಿಲ್ಲದ ಇಬ್ಬರು, ಹೊತ್ತು ಮುಳುಗುವ ಮುಂಚೆ ಹೊಲದಲ್ಲಿ ನಿಂತು ಕಾಪಾಡಿಕೊಂಡ ವ್ರತವನ್ನು ತನ್ನ ಸಲುವಾಗಿ ಮುರಿದುಬಿಟ್ಟರಲ್ಲ. ತನ್ನ ಈ ಜೀವ ಅವರ ಮನೆಯ ಯಾವ ಜೀವದ ಬದಲಿಗೆ ಬಂದದ್ದು? ಇದೇ ಅವಳು ಕೇಳಬೇಕಾಗಿದ್ದ ಮಾತು.

ಕೇಳುವ ತನಕ ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಮುರಿದದ್ದು ನನ್ನ ಸಲುವಾಗಿ, ಹಾಗಾದರೆ ಹಿಡಿಯುವವಳೂ ನಾನೇ ಎಂದು ತೀರ್ಮಾನಿಸಿಬಿಟ್ಟಳು. ದವಾಖಾನೆಯಿಂದ ಬಂದ ವಾರದಿಂದಲೇ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಹೊಸ್ತಿಲಲ್ಲಿ ಎರಡು ಪಣತಿ ಹಚ್ಚಿ, ಕಣ್ಣು ಮುಚ್ಚಿಕೊಂಡು, ಒಲೆಗೆ ನೀರು ಚಿಮುಕಿಸಿದಳು. ಮಂತ್ರ ಗೊತ್ತಿರಲಿಲ್ಲವಾದ್ದರಿಂದ, "ಆ ಗಂಡ ಹೆಂಡತೀನ ತಂಪಾಗಿ ಇಡು ಮೈಲಾರಲಿಂಗಾ," ಅಂದಳು. ಮೈಲಾರಲಿಂಗನಿಗೆ ಯಹೂದಿಗಳ ಪರಿಚಯವಿತ್ತೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು.

ಅಲ್ಲಿಂದ ಪ್ರತಿ ಶನಿವಾರ ಆ ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಡಿಗೆಯ ಮೊಸರು. ಚಹಾ ಬೇಕಾದರೆ ಸೂರ್ಯಕಾಂತ ವಿಜಯಶ್ರೀಯ ಮನೆಗೆ ಹೋಗಬೇಕು. ಒಂದು ಶನಿವಾರ ನಾರಾಯಣಪುರದಲ್ಲಿ ಬೀಗರ ಮದುವೆ. ಜೀಪು ಬಂದು ಬಾಗಿಲಲ್ಲಿ ನಿಂತರೂ ಮುದುಕಿ ಹತ್ತಲಿಲ್ಲ. ನಡೆದೇ ಹೋದಳು, ಅಕ್ಷತೆ ಬಿದ್ದ ಮೇಲೆ ತಲುಪಿದಳು. ಮಳೆಗಾಲದಲ್ಲಂತೂ ಕೇಳಬೇಡಿ. ಮೋಡದಲ್ಲಿ ಚುಕ್ಕಿ ಕಾಣದೆ, ಅತ್ತೆ ಕತ್ತಲಲ್ಲಿ ಅಂಗಳಕ್ಕೂ ಮನೆಗೂ ತಿರುಗುವುದನ್ನು ನೋಡಲಾಗದೆ ರಾಜೇಶ್ವರಿ, "ಕಂಡ್ವು ಅತ್ತಿ, ಮೂರೂ ಕಂಡ್ವು," ಎಂದು ಎಷ್ಟೋ ಸಲ ಸುಳ್ಳು ಹೇಳಿದ್ದಾಳೆ. ಊರು ಅವಳಿಗೆ ಶನಿವಾರದ ಧೂಳಮ್ಮ ಎಂದು ಹೆಸರಿಟ್ಟಿತು.

ಇನ್ನು ಚುಕ್ಕಿಯ ವಿಷಯ. ಇಪ್ಪತ್ತು ವರ್ಷ ಎಂಬ ಮಾತು ಬಂದಾಗ ಅವಳು ಬಣವೆಯ ಹತ್ತಿರ ಇದ್ದಳು, ಕೇಳಿಸಿಕೊಂಡಿರಲಿಲ್ಲ. ಕಿಟಕಿಯಲ್ಲಿ ಕಂಡದ್ದು ವಿಷ ಏರಿದ ಕಣ್ಣಿಗೆ ಕಂಡದ್ದು. ಅವಳ ಮಟ್ಟಿಗೆ ಕೂಡುವ ಎರಡು ಚುಕ್ಕಿ ಎಂದರೆ ಆಕಾಶದಲ್ಲಿ ಎಲ್ಲಕ್ಕಿಂತ ದೊಡ್ಡವು ಎರಡು, ಬೆಳ್ಳಿ ಮತ್ತು ಗುರು. ಅವೋ ಸಂತೆಯಲ್ಲಿ ಸಿಗುವ ಬೀಗರ ಹಾಗೆ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೂಡುತ್ತಲೇ ಇರುತ್ತವೆ. ಒಂದು ಬೇಸಗೆಯ ನಸುಕಿನಲ್ಲಿ ಕೂಡಿದವು, ಮಾರನೇ ವರ್ಷ ಹೋಳಿಯ ಮುಂಚೆ ಸಂಜೆ ಕೂಡಿದವು, ಹೋದ ವರ್ಷ ಶ್ರಾವಣದ ನಸುಕಿನಲ್ಲಿ ಕೂಡಿದವು. ಪ್ರತಿ ಸಲ ಅವಳು ಬೇಳೆ ಬೇಯಿಸಿ ಹಾದಿ ಕಾದಳು. ಪ್ರತಿ ಸಲ ಯಾರೂ ಬರಲಿಲ್ಲ, ಚಿಂತೆ ಒಂದು ಗೇಣು ಬೆಳೆಯಿತು.

ಈಗ ಈ ಜೂನಿನ ಶುಕ್ರವಾರಕ್ಕೆ ಬರೋಣ. ಮಂಗಳವಾರದ ಮಳೆ ಹೊಳವಾಗಿತ್ತು. ಕೂಡಿದ ಚುಕ್ಕಿಗಳು ಆಗಲೇ ಒಂದನ್ನೊಂದು ಬಿಟ್ಟು ಸರಿಯುತ್ತಿದ್ದವು. ಧೂಳಮ್ಮ ಆಸೆ ಬಿಟ್ಟು, ಎಂದಿನಂತೆ ಎರಡು ಪಣತಿ ಹಚ್ಚಿ, ಒಲೆ ಆರಿಸಿ, ಹೊಸ್ತಿಲಲ್ಲಿ ಕೂತಿದ್ದಳು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಓಣಿಯ ತುದಿಯಲ್ಲಿ ಒಂದು ಬಾಡಿಗೆ ಕಾರು ನಿಂತಿತು. ಮುಂದಿನಿಂದ ಘಾಟಬೋರಾಳದ ಕಾಶಿರಾಮ ಇಳಿದ. ಹಿಂದಿನ ಬಾಗಿಲು ತೆಗೆದು ಒಬ್ಬ ಮುದುಕನ ಕೈ ಹಿಡಿದು ಇಳಿಸಿದ.

"ಧೂಳಮ್ಮಾ, ಯಾರ ಬಂದಾರ ನೋಡು! ನನ್ನ ಹೊಲಾ ಹುಡಿಕೊಂಡು ಬಂದಿದ್ರು. ನಾನ ಕರಕೊಂಡು ಬಂದೆ."

ಎಜ್ರಾ ಕೋಲೂರಿಕೊಂಡು ಬಂದವನು ಅಂಗಳದ ನಡುವೆ ನಿಂತುಬಿಟ್ಟ. ಹೊಸ್ತಿಲ ಮೇಲಿನ ಎರಡು ಪಣತಿಗಳನ್ನೇ ನೋಡುತ್ತಿದ್ದ. ಧೂಳಮ್ಮ ಎದ್ದು ಸೆರಗು ಹೊದ್ದು ಕಾರಿನ ಕಡೆ ನೋಡಿದಳು. ಕಾರಿನಿಂದ ಮತ್ತೆ ಯಾರೂ ಇಳಿಯಲಿಲ್ಲ.

"ನನ್ನ ಮಗಳೆಲ್ಲಿ?" ಎಂದಳು.

"ಮೂರು ವರ್ಷ ಆತ್ರಿ," ಎಂದ ಎಜ್ರಾ. "ಆಕಿ ಹೋಗಿ."

ಧೂಳಮ್ಮ ಇದ್ದಲ್ಲಿಯೇ ಕುಸಿದು ಕೂತಳು. ರಾಜೇಶ್ವರಿ ನೀರು ತಂದರೆ ತಂಬಿಗೆಯನ್ನು ಪಕ್ಕಕ್ಕೆ ತಳ್ಳಿದಳು. ಇಷ್ಟು ವರ್ಷ ಅಂಜಿದ್ದು ಖರೆಯಾಯಿತು ಎಂಬುದೊಂದೇ ಅವಳ ತಲೆಯಲ್ಲಿತ್ತು.

"ನಾ ತಿಂದೆ ಆಕೀನ," ಎಂದು ಎದೆ ಬಡಿದುಕೊಂಡಳು. "ನನ್ನ ಸಲುವಾಗಿ ನಿಮ್ಮ ವ್ರತಾ ಮುರೀತು. ಅದರ ಫಲಾ ಆಕಿ ಉಂಡಳು. ನಾ ಇಲ್ಲಿ ಕಲ್ಲುಗುಂಡಿನಂಗ ಕುಂತೀನಿ. ಇಷ್ಟು ವರ್ಷ ಒಲಿ ಆರಿಸಿದೆ, ದೀಪಾ ಹಚ್ಚಿದೆ, ಮುರದಿದ್ದನ್ನ ನಾನರ ಹಿಡದು ತುಂಬಿ ಕೊಡಬೇಕಂತ. ತುಂಬಲಿಲ್ಲಲ್ರಿ, ತುಂಬಲಿಲ್ಲ."

ಎಜ್ರಾ ಅವಳ ಮಾತು ಅರ್ಥವಾಗದವನಂತೆ ಸೂರ್ಯಕಾಂತನ ಮುಖ ನೋಡಿದ. ಸೂರ್ಯಕಾಂತನಿಗೂ ಇವತ್ತೇ ಅರ್ಥವಾಗುತ್ತಿತ್ತು. ಅವ್ವನ ಶುಕ್ರವಾರ, ಶನಿವಾರ, ತಣ್ಣನೆಯ ಒಲೆ, ನಾರಾಯಣಪುರಕ್ಕೆ ನಡೆದದ್ದು, ಎಲ್ಲವನ್ನೂ ಅವನು ತಡವರಿಸುತ್ತ ಹೇಳಿದ. ಕೇಳುತ್ತ ಕೇಳುತ್ತ ಮುದುಕ ಕೋಲನ್ನು ಗೋಡೆಗೆ ಆನಿಸಿ, ಕಷ್ಟಪಟ್ಟು ಧೂಳಮ್ಮನ ಎದುರು ನೆಲದ ಮೇಲೆ ಕೂತ.

"ಕೇಳ್ರಿ ಇಲ್ಲಿ. ಅವತ್ತು ನಮ್ಮ ವ್ರತಾ ಮುರೀಲಿಲ್ಲ. ಒಂದು ಜೀವ ಹೋಗಾಕತ್ತಿತ್ತಂದ್ರ ಶನಿವಾರ ಸುಮ್ಮನ ಕುಂಡ್ರಬಾರದು, ಗಾಡಿ ತಗೀಬೇಕು. ಹಾಂಗ ನಮ್ಮ ಶಾಸ್ತ್ರದಾಗ ಅದಾ. ಕುಂತಿದ್ರ ಮುರೀತಿತ್ತು. ತಿಳೀತೇನ್ರಿ? ಅವತ್ತು ನಿಮ್ಮನ್ನ ಬಿಟ್ಟು ದೀಪದ ಮುಂದ ಕುಂತಿದ್ರ ನಮ್ಮ ವ್ರತಾ ಮುರೀತಿತ್ತು."

ಧೂಳಮ್ಮ ಅಳು ನಿಲ್ಲಿಸಿ ಅವನನ್ನೇ ನೋಡಿದಳು. "ಖರೇನ?"

"ಖರೇ. ಹನ್ನಾಗ ಕ್ಯಾನ್ಸರ್ ಇತ್ರಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಾಯೂ ಮುಂಚೆನೂ ಹೇಳ್ತಿದ್ಳು, ಜನ್ಮದಾಗ ಅಷ್ಟು ಶುಕ್ರವಾರ ಹಿಡದೆ, ನೆಟ್ಟಗ ಹಿಡದಿದ್ದು ಘಾಟಬೋರಾಳದ್ದು ಒಂದ ಅಂತ." ಅವನು ಮುಖ ಒರೆಸಿಕೊಂಡ. "ಮುರದಾಂವ ನಾನು. ಆಕಿ ಹೋದಮ್ಯಾಲ ದೀಪಾ ಹಚ್ಚವರಿಲ್ಲ ಅಂತ ಬಿಟ್ಟಬಿಟ್ಟೆ. ಇವತ್ತು ಶುಕ್ರವಾರ ಅಂಬೂದು ನಿಮ್ಮ ಅಂಗಳಕ್ಕ ಬಂದಮ್ಯಾಲ ನೆನಪಾತು ನನಗ. ಗಾಡ್ಯಾಗ ಕುಂತು ಬಂದೀನಿ ನೋಡ್ರಿ. ನಾ ಬಿಟ್ಟಿದ್ದನ್ನ ಇಲ್ಲಿ ನೀವು ಹಿಡಕೊಂಡು ಕುಂತೀರಿ."

ಕಾಶಿರಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಧೂಳಮ್ಮನ ಎದೆಯ ಮೇಲಿನ ಬಂಡೆ ಇಳಿಯಿತು. ಇಳಿದ ಕೂಡಲೇ ಅವಳ ಬಾಯಿ ತನ್ನ ಸ್ವಂತ ಬುದ್ಧಿಗೆ ಬಂತು. "ಹಾಂಗಾದ್ರ ನಾ ಇಷ್ಟು ವರ್ಷ ತಂಗಳ ತಿಂದಿದ್ದು ಪುಕ್ಕಟ ಏನ್ರಿ?"

"ಪುಕ್ಕಟ ಅಲ್ರಿ," ಎಂದ ಎಜ್ರಾ. ಅವನು ನಗುತ್ತಿದ್ದ, ಕಣ್ಣೀರೂ ಸುರಿಯುತ್ತಿತ್ತು. "ಮೂರು ವರ್ಷದ್ದು ನನ್ನ ಪಾಲಿಂದು ನೀವು ಹಿಡದೀರಿ. ಆ ದೇವರು ಲೆಕ್ಕಾ ಕೇಳಿದ್ರ ನಿಮ್ಮ ಕಡೆ ಕೈ ತೋರಿಸ್ತೀನಿ."

ಆಮೇಲೆ ತಾನು ಬಂದ ಕಾರಣ ಹೇಳಿದ. ಹನ್ನಾಬಾಯಿಯ ಕೊನೆಯ ವರ್ಷ, ಹೋಳಿಯ ಮುಂಚಿನ ಒಂದು ಸಂಜೆ, ಹಾಸಿಗೆಯಲ್ಲಿದ್ದವಳು ಕಿಟಕಿಯಲ್ಲಿ ಗುರು ಶುಕ್ರ ಕೂಡಿದ್ದನ್ನು ನೋಡಿದಳಂತೆ. ತಟ್ಟನೆ ಎದ್ದು ಕೂತು, "ಅಯ್ಯ, ಆಯಿಗೆ ಯಾವ ಚುಕ್ಕಿ ಅಂತ ಹ್ಯಾಂಗ ತಿಳೀಬೇಕು? ಇವನ್ನ ನೋಡಿ ಆಕಿ ಒಲಿ ಮ್ಯಾಲ ಬ್ಯಾಳಿ ಇಟ್ಟು ಹಾದಿ ನೋಡಾಕತ್ತಿರ್ತಾಳ," ಅಂದಳಂತೆ. ನನಗೆ ಹೋಗಲಾಗದು, ಮತ್ತೆ ಇವು ಸಂಜೆ ಹೊತ್ತು ಕೂಡಿದಾಗ ನೀನಾದರೂ ಹೋಗು ಎಂದು ಗಂಡನಿಂದ ಮಾತು ತೆಗೆದುಕೊಂಡಳಂತೆ. ಇನ್ನೊಂದೂ ಇತ್ತು. ದವಾಖಾನೆಯ ಬೆಂಚಿನ ಮೇಲೆ ಕೂತು ಅವಳು ಹರಕೆ ಹೊತ್ತಿದ್ದಳು. ಈ ಮುದುಕಿ ಬದುಕಿದರೆ ಅವಳ ಮುಂದೆಯೇ ಮಲೀದಾ ಪ್ರಸಾದ ಮಾಡುತ್ತೇನೆ ಎಂದು.

"ಮಂಗಳವಾರನ ಬರಬೇಕಿತ್ರಿ. ಮಳಿ, ಡ್ರೈವರ್ ಸಿಗಲಿಲ್ಲ. ಮೂರು ದಿನ ತಡಾ ಆತು."

"ಅಳಿಯಂದ್ರು ಎಂದ ವೇಳ್ಯಾಕ ಬಂದಾರ?" ಎಂದಳು ಧೂಳಮ್ಮ.

"ಅಳಿಯ?"

"ಮತ್ತೇನು? ದವಾಖಾನ್ಯಾಗ ಮಗಳು ಅಂತ ಹೇಳಿದ್ದು ಆಕಿ, ನಾನಲ್ಲ. ಇದು ಧೋಂಡ್ಯಾ ತಿಂಗಳ. ಬರ್ರಿ ಒಳಗ."

ಹೊರಡುವ ಮುಂಚೆ ಕಾಶಿರಾಮ ಒಮ್ಮೆ ಒಳಗೆ ಇಣುಕಿದ. ಎಪ್ಪತ್ತು ದಾಟಿದ ಅಳಿಯ ಮಣೆಯ ಮೇಲೆ, ಅರವತ್ತು ದಾಟಿದ ಅತ್ತೆ ಎದುರಿಗೆ. ನಗು ತಡೆಯಲಾರದೆ ಕಾರು ಹತ್ತಿದ. ಒಲೆ ಆರಿತ್ತು, ರಾಜೇಶ್ವರಿ ಹೊತ್ತಿಸಲು ಹೋದರೆ ಧೂಳಮ್ಮನೂ ಎಜ್ರಾನೂ ಒಟ್ಟಿಗೇ ಬೇಡ ಅಂದರು. ಧೋಂಡ್ಯಾದ ಅಳಿಯ ಆ ರಾತ್ರಿ ಉಂಡದ್ದು ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ಶನಿವಾರ ಅವನು ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಮಲಗಿದ್ದ. ಎಚ್ಚರಾದಾಗಲೆಲ್ಲ ಮಾತಾಡಿದ. ತಮ್ಮ ಪಂಚಾಂಗದಲ್ಲೂ ಹೀಗೆಯೇ ಕೆಲವು ವರ್ಷಕ್ಕೊಮ್ಮೆ ಒಂದು ತಿಂಗಳು ಎರಡು ಸಲ ಬರುತ್ತದೆ, ಬರುವ ವರ್ಷ ಬರುವುದಿದೆ ಎಂದ. ಗುರು ಶನಿ ಕೂಡಿದಾಗಲೆಲ್ಲ ತನ್ನ ಅಪ್ಪ ಅದು ಯಾವ ತಿಂಗಳಿಗೆ ಬಿತ್ತು ಎಂದು ಪಂಚಾಂಗ ತೆಗೆಯುತ್ತಿದ್ದನಂತೆ. ಆ ಕೂಟಕ್ಕೆ ದೊಡ್ಡ ಅರ್ಥವಿದೆ, ಜನರನ್ನು ದಾಸ್ಯದಿಂದ ಬಿಡಿಸುವವನು ಅಂಥ ಹೊತ್ತಿಗೇ ಹುಟ್ಟುತ್ತಾನೆ ಎಂದು ಅವರ ಹಿರಿಯರಲ್ಲಿ ಕೆಲವರು. ಚುಕ್ಕಿಗಳಿಗೆ ನಮ್ಮ ಮೇಲೆ ಏನೂ ಅಧಿಕಾರವಿಲ್ಲ ಎಂದು ಇನ್ನು ಕೆಲವರು.

"ನೀವು ಯಾವ ಕಡೀ?" ಎಂದು ಸೂರ್ಯಕಾಂತ ಕೇಳಿದ.

"ಅವತ್ತು ದಾರಿ ತುಂಬ ಅರ್ಥಾ ಹುಡಿಕ್ಕೋತ ಬಂದಿದ್ದೆ. ನಿಮ್ಮ ಅವ್ವಗ ಹುಳ ಮುಟ್ಟಿತು, ಹುಡುಕೋದು ಬಿಟ್ಟು ಗಾಡಿ ಚಾಲೂ ಮಾಡಿದೆ. ಆಮ್ಯಾಲ ಹುಡುಕಬೇಕಂತ ಅನಿಸಿಲ್ಲ."

ಸಂಜೆ ಮೋಡವಿರಲಿಲ್ಲ. ಪಡುವಣದಲ್ಲಿ ಬೆಳ್ಳಿ ಮತ್ತು ಗುರು ಮೊದಲು ಕಂಡವು. ಕೂಡಿದ್ದನ್ನು ಎರಡು ಎಂದು ಹಿಡಿದರೆ ಮೋಸವಾಗುತ್ತದೆ, ನಾನು ಒಂದೇ ಅಂತ ಹಿಡಿಯುತ್ತೇನೆ ಎಂದಳು ಧೂಳಮ್ಮ. ಅವೆರಡೂ ಲೆಕ್ಕಕ್ಕೇ ಇಲ್ಲ, ಸಣ್ಣ ಚುಕ್ಕಿ ಮೂರು ಬೇಕು ಎಂದ ಎಜ್ರಾ. ಇಷ್ಟು ವರ್ಷ ಒಂದೊಂದು ಸಲ ಬೇಗ ಒಲೆ ಹೊತ್ತಿಸಿದೆನಲ್ಲ ಎಂದು ಮುದುಕಿಗೆ ಕಸಿವಿಸಿಯಾಯಿತು. ಸುಳ್ಳು ಹೇಳಿದ ಮಳೆಗಾಲಗಳನ್ನು ನೆನೆದು ರಾಜೇಶ್ವರಿ ಮೆಲ್ಲಗೆ ಒಳಗೆ ಸರಿದಳು. ಮೂರು ಸಣ್ಣ ಚುಕ್ಕಿ ಮೂಡಿದವು. ಒಲೆ ಹೊತ್ತಿತು, ಎಣ್ಣೆ ಕಾಯಿತು, ಹೂರಣದ ಧೋಂಡೆ ಕೆಂಪಗೆ ತೇಲಿದವು.

ಎಜ್ರಾ ತನ್ನ ಚೀಲದಿಂದ ಅವಲಕ್ಕಿ, ಬೆಲ್ಲ, ತೆಂಗಿನಕಾಯಿ ತೆಗೆದ. ನೆನೆಸಿ, ಕಾಯಿ ತುರಿದು, ಕಲೆಸಿ, ಕಣ್ಣು ಮುಚ್ಚಿ ಹಾಡಿನಂಥದ್ದೊಂದನ್ನು ಹೇಳಿದ. ಉಪಕಾರ ಆದಾಗ ಮಾಡುವ ಪೂಜೆ ಇದು ಎಂದ.

"ಇದೇನು ಮಲೀದಾ?" ಎಂದಳು ಧೂಳಮ್ಮ. "ನಮ್ಮ ದರ್ಗಾದಾಗ ರೊಟ್ಟಿ ಬೆಲ್ಲಾ ಕುಟ್ಟಿ ಮಾಡ್ತಾರ. ಇದು ಅವಲಕ್ಕಿ."

"ನಮ್ಮದು ಹಿಂಗ್ರಿ ಅತ್ತಿ."

ಅತ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಧೂಳಮ್ಮ ಎದ್ದಳು. ಎರಡು ಮಣೆ ಹಾಕಿದಳು, ಎರಡು ತಾಟು ಇಟ್ಟಳು. ಧೋಂಡ್ಯಾದಲ್ಲಿ ಅಳಿಯನನ್ನು ಒಬ್ಬನೇ ಕೂರಿಸುವ ಪದ್ಧತಿ ಇಲ್ಲ. ಒಂದು ತಾಟಿಗೆ ಧೋಂಡೆ, ಅನಾರ್ಸಿ, ತುಪ್ಪ. ಕೈಮುಗಿದಳು. ಇನ್ನೊಂದು ತಾಟು ಬರಿದೇ ಇತ್ತು. ಎಜ್ರಾ ಕಲೆಸಿದ ಮಲೀದಾವನ್ನೆಲ್ಲ ಅದಕ್ಕೆ ಬಡಿಸಿದ.

"ಅತ್ತಿ, ಒಂದು ಮಾತು. ಹನ್ನಾ ಅವತ್ತು ತೋರಿಸಿದ ಚುಕ್ಕಿ ಇವಲ್ಲ. ಅವು ಗುರು ಶನಿ. ಇಪ್ಪತ್ತು ವರ್ಷಕ್ಕೊಮ್ಮೆ ಕೂಡ್ತಾವ. ಅಲ್ಲೀತನಾ ಇರ್ತೀನಿ ಅಂತ ನೀವು ಆಕೀಗ ಮಾತು ಕೊಟ್ಟೀರಿ."

ಧೂಳಮ್ಮನ ಕೈ ತುಪ್ಪದ ಗಿಂಡಿಯ ಮೇಲೆಯೇ ನಿಂತಿತು. ವಿಷ ಏರುತ್ತಿದ್ದ ಆ ಹೊತ್ತಿನಲ್ಲಿ ಹನ್ನಾಬಾಯಿ ಬೇಡಿದ್ದು ಒಂದೆರಡು ವರ್ಷವಲ್ಲ, ಇಪ್ಪತ್ತು.

"ಎಷ್ಟು ಉಳದಾವ ಇನ್ನ?"

"ಹದಿನಾಲ್ಕು."

"ನೀವು ಬರ್ತೀರೇನು ಆಗ?"

"ನನಗ ತೊಂಬತ್ತರ ಹತ್ತರ ಆಗ್ತದ ಅತ್ತಿ."

"ಆಗಲಿ. ಬೇಕಾದ್ರ ಹೊತ್ಕೊಂಡು ಬರ್ತಾನ ಸೂರ್ಯಾ. ನಾ ಅಂತೂ ಇರ್ತೀನಿ. ಮಗಳಿಗೆ ಮಾತು ಕೊಟ್ಟೀನಿ."

ಅವಳು ಎರಡನೆಯ ತಾಟನ್ನು ತನ್ನ ಕಡೆ ಎಳೆದುಕೊಂಡಳು. ಒಂದು ತುತ್ತು ಬಾಯಿಗಿಟ್ಟಳು. ಅವಲಕ್ಕಿ ಮೆತ್ತಗಾಗಿತ್ತು, ಬೆಲ್ಲ ಒಂದಿಷ್ಟು ಹೆಚ್ಚಾಗಿತ್ತು. ಇನ್ನೊಂದು ತುತ್ತು ತಿಂದಳು. ತಾಟು ಬರಿದಾಗುವ ತನಕ ಯಾರಿಗೂ ಕೊಡದೆ ತಿಂದಳು.

"ಚಲೋ ಮಾಡ್ಯಾಳ ನನ್ನ ಮಗಳು," ಎಂದಳು.

ಮಾಡಿದವನು ತಾನು ಎಂದು ಎಜ್ರಾ ಹೇಳಲಿಲ್ಲ. ತನ್ನ ತಾಟಿನ ಧೋಂಡೆ ಮುರಿದು ತುಪ್ಪಕ್ಕೆ ಅದ್ದಿದ.